ಒಡ್ಡಿನ ಗೇಟು ಎತ್ತಿದ ವಾರ

ನಮ್ಮವರು ಇಪ್ಪತ್ತೆರಡು ತಿಂಗಳು ಒಂದು ಕಬ್ಬಿಣದ ಗೇಟಿನ ಹೊಟ್ಟೆಯೊಳಗೆ ದುಡಿದವರು. ಹೆಸರು ಪ್ಯೋ ಗಿಲ್‌ಸು, ಕಸುಬು ವೆಲ್ಡಿಂಗ್. ನಕ್‌ದೊಂಗ್ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟುತ್ತಿದ್ದ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಚಾಂಗ್‌ವೊನ್‌ನ ನಮ್ಮ ಮನೆಗೆ ಬರುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆ ಹೊತ್ತುಕೊಂಡು ಬಂದು, ಉಂಡು, ಹೆಣದ ಹಾಗೆ ಮಲಗಿ, ಎದ್ದು ಹೋಗುತ್ತಿದ್ದರು. ನಾನು ಲಾಂಡ್ರಿ ಅಂಗಡಿ ಇಟ್ಟಿದ್ದೆ. ಕಿಡಿ ಸಿಡಿದು ತೂತಾದ ಅವರ ಅಂಗಿಗಳಿಗೆ ತೇಪೆ ಹಾಕಿ ಹಾಕಿ, ಕಣ್ಣಲ್ಲಿ ಕಾಣದ ಆ ಒಡ್ಡಿನ ಮೇಲೆ ನನಗೆ ಸವತಿಯ ಮೇಲೆ ಬರುವಂಥ ಸಿಟ್ಟು ಬಂದಿತ್ತು. ಅದರ ಸರ್ಕಾರಿ ಹೆಸರು ಏನಾದರೂ ಇರಲಿ, ನಮ್ಮ ಮನೆಯಲ್ಲಿ ಅದಕ್ಕೆ ‘ನಿಮ್ಮ ಒಡ್ಡು’ ಎಂದೇ ಹೆಸರು.

ಕೆಲಸ ಮುಗಿದ ಮೇಲೆ ಅವರು ಹಡಗು ಕಟ್ಟುವ ಕಾರ್ಖಾನೆಗೆ ಸೇರಿಕೊಂಡರು. ಹದಿನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ. ಟೀವಿಯಲ್ಲಿ ಪ್ರವಾಹದ ಸುದ್ದಿ ಬಂದು ಒಡ್ಡು ಒಂದು ಗಳಿಗೆ ಕಂಡರೆ ಮಾತ್ರ ತುತ್ತು ಕೈಯಲ್ಲೇ ಹಿಡಿದು ಮುಂದಕ್ಕೆ ಬಾಗುತ್ತಿದ್ದರು. ಹೋದ ವರ್ಷ ನಿವೃತ್ತಿಯಾಯಿತು. ಈ ವಸಂತದಲ್ಲಿ ಒಂದು ದಿನ, ಹೊಳೆಯ ದಂಡೆಯ ಸೈಕಲ್ ದಾರಿಯಲ್ಲಿ ಮೇಲ್ಗಡೆಯ ಊರಾದ ಆಂದೊಂಗ್‌ನಿಂದ ಸಮುದ್ರದ ತನಕ ಹೋಗೋಣ ಎಂದರು.

“ನಿಮ್ಮ ಒಡ್ಡು ನೋಡ್ಬೇಕು ಅಂದ್ರೆ ಕಾರಲ್ಲಿ ಒಂದು ಗಂಟೆ ದಾರಿ ಕಣ್ರೀ. ಅರವತ್ತು ವರ್ಷದೋಳನ್ನ ಸೈಕಲ್ ಮೇಲೆ ಯಾಕೆ ಕೂರಿಸ್ತೀರಾ?”

“ಕಾರಲ್ಲಿ ಹೋದ್ರೆ ಸೇತುವೆ ಕಾಣತ್ತೆ. ಹೊಳೆ ಕಾಣಲ್ಲ.”

ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಅಷ್ಟು ಚೆಂದದ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಒಪ್ಪಿಕೊಂಡೆ.

ಜೂನ್ ನಡುವಿನಲ್ಲಿ ಹೊರಟೆವು. ದಾರಿಗೆ ಬಳಿದ ನೀಲಿ ಗೆರೆಯನ್ನು ಹಿಡಿದು ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರು. ಗುಡ್ಡಗಳ ಮೇಲೆ ಚೆಸ್ಟ್‌ನಟ್ ಹೂ ಬಿಟ್ಟು ಗಾಳಿಯೆಲ್ಲ ಹಸಿ ವಾಸನೆ. ಹೊಲದ ಬದಿಯಲ್ಲಿ ಕೆಂಪು ಬಲೆ ಚೀಲಗಳಲ್ಲಿ ಈರುಳ್ಳಿ ಗುಡ್ಡೆ ಹಾಕಿದ್ದರು. ದಾರಿಯಲ್ಲಿ ಸಿಕ್ಕ ಬೇರೆ ಒಡ್ಡುಗಳ ಹತ್ತಿರವೆಲ್ಲ ನಿಂತು, ಸವಾರರು ಬಂದು ಹೋದ ಗುರುತಿಗೆಂದು ಕೆಂಪು ಗೂಡಿನೊಳಗೆ ದಾರದಲ್ಲಿ ಕಟ್ಟಿಟ್ಟ ಠಸ್ಸೆಯನ್ನು ನಮ್ಮ ಪುಟ್ಟ ಪುಸ್ತಕಕ್ಕೆ ಒತ್ತಿಕೊಂಡೆವು. ಆ ಒಡ್ಡುಗಳನ್ನೆಲ್ಲ ನಮ್ಮವರು ಅಕ್ಕಪಕ್ಕದ ಮನೆಯ ಮಕ್ಕಳನ್ನು ನೋಡುವ ಹಾಗೆ ನೋಡಿ, “ಹೂಂ, ಪರವಾಗಿಲ್ಲ” ಎಂದು ಮುಂದೆ ಹೋಗುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಬೇಗನೆ ಹೊರಟೆವು. ಹನ್ನೊಂದರ ಹೊತ್ತಿಗೆ ತಿರುವೊಂದನ್ನು ದಾಟಿದೆವು, ಅದು ಎದುರಿಗೇ ಇತ್ತು. ನೀರಿನೊಳಗಿಂದ ಎದ್ದ ನಾಲ್ಕು ಕಂಬ, ಮೇಲೆ ಉದ್ದಕ್ಕೆ ಸೇತುವೆ, ಕಂಬಗಳ ನಡುವೆ ಬೂದು ಬಣ್ಣದ ಗೇಟುಗಳು. ನಾನು ಠಸ್ಸೆ ಒತ್ತಲು ಹೋದೆ. ಮಸಿ ಒಣಗಿತ್ತು. ಬಾಯಿಂದ ಹಬೆ ಬಿಟ್ಟು ಬಿಟ್ಟು ಹೇಗೋ ಒತ್ತಿಕೊಂಡು ತಿರುಗಿ ನೋಡಿದರೆ, ಹದಿನಾಲ್ಕು ವರ್ಷ ಕಾದು ಬಂದ ಮನುಷ್ಯ ಹೊಳೆಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕೂತು, ಸರಿಯಾಗಿಯೇ ಇದ್ದ ಬ್ರೇಕಿನ ತಂತಿ ಬಿಗಿಯುತ್ತಿದ್ದಾರೆ.

ಸೇತುವೆಯ ಕೊನೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಒಬ್ಬ ಅಜ್ಜಿಯ ಶಾವಿಗೆ ಅಂಗಡಿ ಇತ್ತು. ಸೋಯಾ ಹಾಲಿನಲ್ಲಿ ಮಂಜುಗಡ್ಡೆ ತೇಲಿಸಿ ತಣ್ಣನೆಯ ಶಾವಿಗೆ ಕೊಡುತ್ತಿದ್ದಳು. ಊರಿನವರು ಅವಳನ್ನು ಮಾಲ್‌ನಮ್ ಅಜ್ಜಿ ಎನ್ನುತ್ತಿದ್ದರು. ಎಪ್ಪತ್ತೇಳರ ವಯಸ್ಸು, ಸೊಂಟ ಬಾಗಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು. ನಾವು ಕೂತೆವು. ನಮ್ಮವರು ಅಲ್ಲಿಯೂ ಹೊಳೆ ಕಾಣದ ಕಡೆಯ ಸ್ಟೂಲೇ ಹುಡುಕಿದರು.

ಅಜ್ಜಿ ನನ್ನನ್ನು ಕೇಳಿದಳು: “ಏನವ್ವಾ, ನಿನ್ ಗಂಡಂಗೂ ಹೊಳೆಗೂ ಏನಾರ ಜಗಳ ಆಗೈತಾ? ಆ ಕಡೆ ತಿರುಗೂ ನೋಡ್ತಿಲ್ವಲ್ಲ.”

“ಜಗಳ ಅಲ್ಲ ಅಜ್ಜಿ, ನಾಚಿಕೆ. ಆ ನಡುವಿನ ಗೇಟು ಮಾಡಿದ್ದು ಇವ್ರೇ.”

ಮೇಜಿನ ಕೆಳಗೆ ನನ್ನ ಕಾಲಿಗೆ ಒದೆ ಬಿತ್ತು. ಅಜ್ಜಿಯ ಸೌಟು ಪಾತ್ರೆಯಲ್ಲೇ ನಿಂತಿತು. ಅವರನ್ನು ತಲೆಯಿಂದ ಕಾಲಿನವರೆಗೆ, ಸೈಕಲ್ ಸವಾರರ ಬಿಗಿ ಚಡ್ಡಿ ಸಮೇತ, ಒಮ್ಮೆ ನೋಡಿದಳು.

“ಓಹೋ! ಹದ್ನಾಕು ವರ್ಸದಿಂದ ಬಯ್ತಾ ಇವ್ನಿ, ಯಾರನ್ನ ಬಯ್ತಾ ಇವ್ನಿ ಅಂತ ನಂಗೇ ಗೊತ್ತಿರ್ನಿಲ್ಲ. ಇವತ್ತು ಮೊಖ ಸಿಕ್ತು!”

“ಅಜ್ಜಿ, ನಾನು ಬರೀ ಬೆಸುಗೆ ಹಾಕ್ದೋನು...” ಎಂದರು ನಮ್ಮವರು, ಬಟ್ಟಲಿನೊಳಗೆ ನೋಡುತ್ತ.

“ಚೆಂದಾಗಿ ಹಾಕಿದ್ಯಾ, ಇಲ್ವಾ?”

“ಚೆನ್ನಾಗೇ ಹಾಕಿದೀನಿ.”

“ಅದೇ ಬಂದಿರೋ ಕಷ್ಟ ನೋಡು! ಒಂದು ಹನಿ ಸೋರ್ನಿಲ್ವಲ್ಲಪ್ಪಾ! ವಸಿ ಸೋಂಬೇರಿ ಆಗಿದ್ದಿದ್ರೆ ನಿನ್ ಗಂಟೇನು ಹೋಗ್ತಿತ್ತು? ತಿನ್ನು, ತಿನ್ನು. ಹಸ್ಕೊಂಡಿರೋನ್ನ ನಾನು ಬಯ್ಯಾಕಿಲ್ಲ.”

ಬೈಯುತ್ತಲೇ ಇನ್ನೊಂದು ಹಿಡಿ ಶಾವಿಗೆ ಹಾಕಿದಳು, ಹಸಿಮೆಣಸಿನಕಾಯಿ ಇಟ್ಟಳು. ಅವಳ ಸಿಟ್ಟಿನ ಕಾರಣ ಆಮೇಲೆ ತಿಳಿಯಿತು. ಒಡ್ಡಿನಿಂದ ಅರ್ಧ ಕಿಲೋಮೀಟರು ಮೇಲಕ್ಕೆ ಒಂದು ಹಳ್ಳ ಬಂದು ಹೊಳೆಗೆ ಸೇರುತ್ತದೆ. ಹಳ್ಳದ ಆಚೆ ದಡದ ಗುಡ್ಡದ ಬುಡದಲ್ಲಿ ಅವಳ ತವರು. ಈಚೆ ದಡದಲ್ಲಿ ಗಂಡನ ಮನೆ. ನಡುವೆ ಮೊದಲು ಬರೀ ಮರಳು, ಮರಳಿನ ಮೇಲೆ ಮೊಣಕಾಲುದ್ದ ನೀರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಆ ಮರಳು ತುಳಿದೇ ಮದುವೆಯಾಗಿ ಬಂದಿದ್ದಳು. ಒಡ್ಡು ಬಂದ ಮೇಲೆ ಹಳ್ಳದ ಬಾಯಿ ತುಂಬಿ ಕೆರೆಯಾಗಿ ನಿಂತಿತು. ಕೂಗಿದರೆ ಕೇಳುವಷ್ಟು ದೂರದ ತವರಿಗೆ ಹೋಗಲು ಈಗ ಎರಡು ಬಸ್ಸು ಬದಲಾಯಿಸಬೇಕು. ಆ ಬಸ್ಸುಗಳೋ, ಒಂದು ಬಂದರೆ ಇನ್ನೊಂದಿಲ್ಲ.

ನಮ್ಮವರು ತಲೆ ಎತ್ತಲಿಲ್ಲ. ಶಾವಿಗೆ ಮಾತ್ರ ಪೂರ್ತಿ ತಿಂದರು.

ಅಷ್ಟರಲ್ಲಿ ಧ್ವನಿವರ್ಧಕ ಕೂಗಿತು. ಮಧ್ಯಾಹ್ನ ಒಂದು ಗಂಟೆಗೆ ಗೇಟು ಎತ್ತುತ್ತಾರೆ, ಹೊಳೆಯ ಅಂಗಳದಲ್ಲಿದ್ದವರೆಲ್ಲ ಮೇಲೆ ಬರಬೇಕು. ಮೇಲ್ಗಡೆ ಹೊಸ ಸೇತುವೆಯ ಕಂಬ ಇಳಿಸುವ ಕೆಲಸಕ್ಕಾಗಿ, ಮಳೆ ಹಿಡಿಯುವ ಮೊದಲೇ ನೀರನ್ನು ತಗ್ಗಿಸುತ್ತಾರಂತೆ.

“ಮಳೆಗಾಲ್ದಾಗೆ ಎತ್ತದು ಇದ್ದಿದ್ದೇ,” ಎಂದಳು ಅಜ್ಜಿ, “ಆಗ ನಮ್ಮನ್ನ ಈ ಕಡೆ ಬಿಡಾಕಿಲ್ಲ. ಬಿಸ್ಲಲ್ಲಿ, ತಿಳಿನೀರಲ್ಲಿ ಎತ್ತದು ಇದೇ ಮೊದ್ಲು. ನೀನು ನೋಡಿರ್ಬೇಕಲ್ಲ, ಮಾಡ್ದೋನು?”

“ಇಲ್ಲ ಅಜ್ಜಿ.”

“ಇಲ್ಲ ಅಂದ್ರೆ?”

“ನಾನು ನೀರು ತುಂಬಿದ್ದೇ ನೋಡಿಲ್ಲ. ಉದ್ಘಾಟನೆಗೆ ಮೂರು ದಿನ ಇರೋವಾಗ ನಮ್ಮನ್ನೆಲ್ಲ ಬಸ್ಸಿಗೆ ಹತ್ಸಿ ಕಳಿಸ್ಬಿಟ್ರು. ಅಲ್ಲೀವರ್ಗೂ ಅದು ಒಣ ನೆಲದ ಮೇಲೆ ನಿಂತಿದ್ದ ಪೆಟ್ಟಿಗೆ. ನಾನು ಒಳಗಿದ್ದೆ. ಹೊರಗಿಂದ ಹೆಂಗೆ ಕಾಣತ್ತೆ ಅಂತಾನೂ ಸರಿಯಾಗಿ ಗೊತ್ತಿಲ್ಲ.”

ನನಗೂ ಇದು ಹೊಸ ಸುದ್ದಿ. ಇಷ್ಟು ವರ್ಷ ನಾನು ಹಂಗಿಸಿದ್ದೇ ಬಂತು, ಕೇಳಿರಲಿಲ್ಲ.

ಅಜ್ಜಿ ಪಾತ್ರೆಗೆ ತಟ್ಟೆ ಮುಚ್ಚಿದಳು. ಅದರ ಮೇಲೆ ಒಂದು ಕಲ್ಲು ಹೇರಿದಳು. ಏಪ್ರನ್ನಿಗೆ ಕೈ ಒರೆಸಿಕೊಂಡು, “ಏಳಪ್ಪ. ಮುಚ್ದೋನು ನೀನು. ತೆಗೆಯೋದ್ನೂ ನೋಡ್ಕಂಡು ಹೋಗು,” ಎಂದು ಅವರ ತೋಳು ಹಿಡಿದು ಎಬ್ಬಿಸಿದಳು.

ಸೇತುವೆಯ ಮೇಲೆ ಹತ್ತಿಪ್ಪತ್ತು ಜನ ಸೈಕಲ್ಲಿನವರು, ಕೆಲವರು ಊರವರು. ಮೇಲ್ಗಡೆಯ ನೀರು ಹಸಿರಾಗಿ, ಅಲುಗಾಡದೆ, ಗುಡ್ಡಗಳನ್ನು ತಲೆಕೆಳಗಾಗಿ ಹೊತ್ತು ನಿಂತಿತ್ತು. ಕೆಳಗಡೆ, ಮೂರು ಆಳು ತಗ್ಗಿನಲ್ಲಿ, ಇನ್ನೊಂದು ಹೊಳೆ ಇದ್ದಂತಿತ್ತು. ಬೆಳ್ಳಕ್ಕಿ, ಬಕಗಳು ಯಾರು ಹೇಳಿದ್ದರೋ ಏನೋ, ಆಗಲೇ ಕೆಳಗಿನ ಕಲ್ಲುಗಳ ಮೇಲೆ ಸಾಲಾಗಿ ಬಂದು ಕೂತಿದ್ದವು. ಸೈರನ್ ಮೂರು ಸಲ ಕೂಗಿ ನಿಂತಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ನನ್ನ ಬೂಟಿನ ಅಟ್ಟೆಯ ಕೆಳಗೆ ಏನೋ ಗುಡುಗುಟ್ಟಿತು. ಕಿವಿಗೆ ಸದ್ದು ಬರುವ ಮೊದಲು ಅದು ಮೊಣಕಾಲಿಗೆ ಬಂತು, ಹಲ್ಲಿಗೆ ಬಂತು. ನಡುವಿನ ಗೇಟು, ನಮ್ಮವರ ಗೇಟು, ನಿಮಿಷಕ್ಕೊಂದು ಗೇಣಿನಂತೆ ಮೇಲೇಳತೊಡಗಿತು. ನಲವತ್ತು ಮೀಟರು ಅಗಲದ ಕಬ್ಬಿಣ ಅದು. ಇಷ್ಟು ವರ್ಷ ನೀರಿನಲ್ಲಿ ಮುಳುಗಿದ್ದ ಭಾಗ ಪಾಚಿ ಹೊತ್ತುಕೊಂಡು, ತೊಟ್ಟಿಕ್ಕುತ್ತ, ನಮ್ಮ ಕಣ್ಣೆದುರು ಬಂತು. ಅದರ ಬುಡದಲ್ಲಿ ಈ ಕಂಬದಿಂದ ಆ ಕಂಬಕ್ಕೆ ಒಂದೇ ಒಂದು ಬಿಳಿ ಗೆರೆ ಮೂಡಿತು. ಗೆರೆ ದಪ್ಪವಾಯಿತು. ಆಮೇಲೆ ಹೊಳೆ ನುಗ್ಗಿತು.

ಅದನ್ನು ಹೇಗೆ ಹೇಳಲಿ? ನಾನು ಸಮುದ್ರದ ಹತ್ತಿರ ಹುಟ್ಟಿದವಳು, ಚಂಡಮಾರುತ ಕಂಡವಳು. ಆದರೆ ಸಮುದ್ರ ಬರುತ್ತದೆ, ಹೋಗುತ್ತದೆ. ಇದು ಬಂದೇ ಬಂದೇ ಬಂತು. ನಿಂತಿದ್ದ ಹಸಿರು ನೀರು ಗೇಟಿನ ಕೆಳಗೆ ಗಾಜಿನಂತೆ ಬಾಗಿ, ಆಚೆ ಕಡೆ ಬೆಳ್ಳಗೆ ಎದ್ದು ನಿಂತು, ತನ್ನ ಮೇಲೆ ತಾನೇ ಬಿದ್ದು, ಮತ್ತೆ ಎದ್ದಿತು. ತಳದಿಂದ ತಣ್ಣನೆಯ ಗಾಳಿ ಮೇಲಕ್ಕೆ ಹೊಡೆಯಿತು. ಹಳೆಯ ಕೆಸರಿನ, ಕಲ್ಲಿನ, ಮೀನಿನ ವಾಸನೆ. ಜೂನ್ ತಿಂಗಳ ಉರಿಬಿಸಿಲಿನಲ್ಲಿ ನನ್ನ ತೋಳಿನ ರೋಮ ನೆಟ್ಟಗಾಯಿತು. ಮೊಬೈಲು ಎತ್ತಿ ಹಿಡಿದಿದ್ದ ಒಬ್ಬಾಕೆ ಅದನ್ನು ಕೆಳಗಿಳಿಸಿ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಳು.

ನಮ್ಮವರನ್ನು ನೋಡಿದೆ. ಹೆಲ್ಮೆಟ್ಟು ತೆಗೆದು ಎದೆಗೆ ಅವುಚಿಕೊಂಡಿದ್ದರು. ತುಟಿ ಅಲುಗುತ್ತಿತ್ತು, ಏನು ಹೇಳುತ್ತಿದ್ದಾರೆಂದು ಕೇಳಿಸುತ್ತಿರಲಿಲ್ಲ. ಕಿವಿ ಅವರ ಬಾಯಿಗೆ ಒಡ್ಡಿದೆ.

“ಗೇಟಿನೊಳಗಿನ ನಾಲ್ಕನೇ ಕೋಣೆ,” ಎನ್ನುತ್ತಿದ್ದರು. “ಎಡಗಡೆಯಿಂದ ನಾಲ್ಕನೇದು. ಅಲ್ಲೇ ಮಲ್ಕೊಂಡು ಹಾಕ್ತಿದ್ದೆ ಕಣೇ. ಒಂದು ಸಲಕ್ಕೆ ಒಬ್ನೇ ಹಿಡಿಯೋದು ಅದ್ರಲ್ಲಿ. ನೋಡು, ನಡುಗ್ತಾ ಇದೆಯಾ? ನಡುಗ್ತಾ ಇಲ್ಲ. ಇಡೀ ಹೊಳೆ ಮೇಲೆ ಬಿದ್ರೂ ನಡುಗ್ತಾ ಇಲ್ಲ.”

ನೋಡಿದೆ. ಸೇತುವೆ ನಡುಗುತ್ತಿತ್ತು, ನಾನು ನಡುಗುತ್ತಿದ್ದೆ, ಗೇಟು ಮಾತ್ರ ನಡುಗದೆ ನಿಧಾನವಾಗಿ ಏರುತ್ತಿತ್ತು. ಆ ಕಬ್ಬಿಣದ ಎರಡು ಹಾಳೆಗಳ ನಡುವೆ, ಜನವರಿಯ ಚಳಿಯಲ್ಲಿ, ಮೂಗಿನ ಹತ್ತಿರ ಗಾಳಿಯ ಕೊಳವೆ ಇಟ್ಟುಕೊಂಡು ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ಮುಂದೆ ಒಂದು ದಿನ ಬರಲಿರುವ ಈ ನೀರಿನ ಭಾರವನ್ನು ನೆನೆಯುತ್ತ ಒಂದೊಂದೇ ಬೆರಳಗಲ ಬೆಸುಗೆ ಹಾಕಿದ್ದ. ಆ ಮನುಷ್ಯನ ಅಂಗಿಗೆ ತೇಪೆ ಹಾಕಿದವಳು ನಾನು.

ಮಾಲ್‌ನಮ್ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟು ನಿಂತಿದ್ದಳು. “ಅಬ್ಬಬ್ಬಾ, ಇಷ್ಟೊಂದು ನೀರಾ ನೀನು ಹಿಡ್ಕಂಡು ನಿಂತಿದ್ದು!” ಎಂದಳು. ಗೇಟಿಗೆ ಹೇಳಿದಳೋ, ನಮ್ಮವರಿಗೋ, ತಿಳಿಯಲಿಲ್ಲ.

ಆ ದಿನ ಇನ್ನೂ ನಲವತ್ತು ಕಿಲೋಮೀಟರು ಹೋಗಬೇಕಿತ್ತು. ನಮ್ಮವರು ಸೈಕಲ್ಲಿನ ಕಡೆ ಹೋಗಲೇ ಇಲ್ಲ. ಹಳ್ಳದ ಬಾಯಿಯಲ್ಲಿ ನೀರು ಎಷ್ಟು ತಗ್ಗುತ್ತದೆ ಎಂದು ಅಜ್ಜಿಯನ್ನು ಮೂರು ಸಲ ಕೇಳಿದರು.

“ನಂಗೇನು ಗೊತ್ತು? ಒಂದೇ ದಿನಕ್ಕೆ ಇಳಿಯಾಕಿಲ್ಲ. ಮೂರು ದಿನ ಬಿಡ್ತಾರಂತೆ. ಇದ್ದು ನೋಡ್ಕಂಡು ಹೋಗಿ. ನಮ್ಮನೆ ಹೊರಗಿನ ಕೋಣೆ ಖಾಲಿ ಬಿದ್ದೈತೆ, ಬೆಳ್ಳುಳ್ಳಿ ವಾಸ್ನೆ ತಡ್ಕಳಂಗಿದ್ರೆ.”

ತಡೆದುಕೊಂಡೆವು. ಕೋಣೆಯ ತೊಲೆಗಳಿಗೆಲ್ಲ ಹೊಸ ಬೆಳ್ಳುಳ್ಳಿಯ ಕಂತೆಗಳು ತೂಗುತ್ತಿದ್ದವು. ಮರುದಿನ ನಮ್ಮವರು ಅಜ್ಜಿಯ ಮನೆಯ ತುಕ್ಕು ಹಿಡಿದ ಗೇಟಿನ ತಿರುಗಣಿ ಸರಿಮಾಡಿದರು, ನಾನು ಈರುಳ್ಳಿ ಚೀಲ ಹೊಲಿದೆ. ಅಜ್ಜಿ ಮಾತ್ರ ದಿನಕ್ಕೆ ಐದಾರು ಸಲ ಹಳ್ಳದ ದಂಡೆಗೆ ಹೋಗಿ ಬರುತ್ತಿದ್ದಳು. ಬಂದು, “ಇನ್ನೂ ಇಲ್ಲ,” ಎನ್ನುತ್ತಿದ್ದಳು. ನಮ್ಮವರು ಅವಳಿಗಿಂತ ಮೊದಲೇ ಹೋಗಿ ನೋಡಿ ಬಂದಿರುತ್ತಿದ್ದರು.

ಎರಡನೆಯ ಸಂಜೆ ಕಂಡದ್ದು ಬರೀ ಕೆಸರು. ಕಪ್ಪಗೆ, ನಾರುವ ಕೆಸರು, ಅದರಲ್ಲಿ ಸತ್ತ ಚಿಪ್ಪುಗಳು. ಅಜ್ಜಿ ನೋಡಿ ವಾಪಸಾದಳು. ನಮ್ಮವರು ಅಂದು ಊಟ ಬಿಟ್ಟರು. “ಹಾಳ್ ಮಾಡ್ಬಿಟ್ವಿ ಕಣೇ,” ಎಂದರು.

ಮೂರನೆಯ ದಿನ ಬೆಳಿಗ್ಗೆ ಅಜ್ಜಿಯೇ ಬಂದು ಬಾಗಿಲು ಬಡಿದಳು. ಕೂಗಲಿಲ್ಲ, ಬೈಯಲಿಲ್ಲ. “ಬನ್ನಿ,” ಎಂದಳು ಅಷ್ಟೇ.

ದಂಡೆಯ ಮೇಲೆ ನಿಂತು ನೋಡಿದೆ. ಹೊಳೆ ಇನ್ನೂ ಒಂದು ಆಳು ಕೆಳಗಿಳಿದಿತ್ತು. ಹೊಳೆ ಇಳಿದಂತೆ ಹಳ್ಳ ಓಡಲು ಕಲಿತಿತ್ತು. ಇಷ್ಟು ವರ್ಷ ನಿಂತು ನಿದ್ದೆ ಮಾಡಿದ್ದ ಅದು ಒಂದೇ ರಾತ್ರಿಯಲ್ಲಿ ತನ್ನ ಮೇಲಿನ ಕೆಸರನ್ನು ಕೊಚ್ಚಿ ಹಾಕಿ ಕೆಳಗಿದ್ದ ಮರಳನ್ನು ತೆಗೆದು ಹಾಸಿತ್ತು. ಈ ದಡದಿಂದ ಆ ದಡದವರೆಗೆ ಮರಳು. ಆಗಷ್ಟೇ ಜರಡಿ ಹಿಡಿದ ಹಾಗೆ ಬೆಳ್ಳಗಿನ, ಬಂಗಾರದ ಅಂಚಿನ ಮರಳು. ಅದರ ಮೇಲೆ ತೆಳ್ಳಗೆ ನೀರು ಹೆಣೆದುಕೊಂಡು ಹರಿಯುತ್ತಿತ್ತು, ಎಷ್ಟು ತಿಳಿಯೆಂದರೆ ನೀರಿನ ನೆರಳು ಕಾಣುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಯಾವುದೋ ಪುಟ್ಟ ಹಕ್ಕಿಯೊಂದು ಮರಳಿನ ಉದ್ದಕ್ಕೂ ಓಡಿ ಹೆಜ್ಜೆಗಳ ಸಾಲು ಬಿಟ್ಟಿತ್ತು. ಆ ಸಾಲನ್ನು ಬಿಟ್ಟರೆ ಒಂದು ಗುರುತೂ ಇಲ್ಲ.

ನಮ್ಮವರು ಅಲ್ಲೇ ಕುಸಿದು ಕೂತರು. ಕ್ರೇನುಗಳು, ಲಾರಿಗಳು, ಹಗಲು ರಾತ್ರಿ ಪಾಳಿಯಲ್ಲಿ ನೂರಾರು ಜನ ಮಾಡಿದ್ದನ್ನು ಬಲ್ಲವರು ಅವರು. ಇದನ್ನು ಯಾರೂ ಮಾಡಿರಲಿಲ್ಲ. “ಯಾವಾಗ ಮಾಡ್ತು?” ಎಂದು ಮಗುವಿನ ಹಾಗೆ ಕೇಳಿದರು. “ನಾವು ಮಲಗಿದ್ದಾಗ್ಲೇ ಮಾಡ್ತಾ?”

ಅಜ್ಜಿ ರಬ್ಬರ್ ಚಪ್ಪಲಿ ಬಿಟ್ಟಳು. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಸುತ್ತಿದಳು.

“ಅಜ್ಜಿ, ಹೊಸ ಮರಳು, ಹೂತ್ಕೊಳತ್ತೆ! ತಡೀರಿ!” ನಮ್ಮವರು ಎದ್ದು, ಬೇಲಿಯ ಬಿದಿರು ಗಳವೊಂದನ್ನು ಕಿತ್ತುಕೊಂಡು ಮುಂದೆ ಓಡಿದರು. ಹೆಜ್ಜೆ ಹೆಜ್ಜೆಗೂ ಮರಳಿಗೆ ಗಳ ಚುಚ್ಚಿ ನೋಡಿ, “ಇಲ್ಲಿ ಇಡಿ. ಈಗ ಇಲ್ಲಿ,” ಎನ್ನುತ್ತ ದಾರಿ ಮಾಡಿದರು. ಅವರ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ನಾನು, ಕೈಯಲ್ಲಿ ಅವಳ ಚಪ್ಪಲಿ.

“ಏ, ನಂಗೆ ದಾರಿ ತೋರಿಸ್ತೀಯಾ? ನಿಮ್ಮವ್ವ ನಿನ್ನ ಹೆರೋಕೆ ಮುಂಚೆ ನಾನು ಈ ಹಳ್ಳ ದಾಟಿದೋಳು!” ಎಂದು ಬೈಯುತ್ತಿದ್ದಳು. ಆದರೂ ಅವರ ಹೆಜ್ಜೆಯ ಗುರುತಿನಲ್ಲೇ ಹೆಜ್ಜೆ ಇಡುತ್ತಿದ್ದಳು.

ಪಾದದ ಕೆಳಗೆ ಮರಳು ಉಸಿರಾಡುವಂತಿತ್ತು. ಒತ್ತಿದರೆ ತಗ್ಗುತ್ತಿತ್ತು, ಎತ್ತಿದರೆ ತುಂಬಿಕೊಳ್ಳುತ್ತಿತ್ತು. ಬೆರಳುಗಳ ನಡುವೆ ಕಣಗಳು ಒಂದೊಂದಾಗಿ ಸರಿದು ಹೋಗುವುದು ತಿಳಿಯುತ್ತಿತ್ತು. ನಡುವಿನಲ್ಲಿ ನೀರು ಮೊಣಕಾಲಿಗೆ ಬಂತು, ಕಾಲಿನ ಸುತ್ತ ಬೆರಳುದ್ದದ ಮೀನುಗಳು ಬೆಳಕಿನ ಚೂರುಗಳಂತೆ ತಿರುಗಿದವು. ಅಲ್ಲಿ ಅಜ್ಜಿ ನಿಂತಳು. ಬಾಗಿದ ಸೊಂಟವನ್ನು ಇನ್ನಷ್ಟು ಬಾಗಿಸಿ ಒಂದು ಹಿಡಿ ಮರಳು ಎತ್ತಿದಳು, ನೀರಿನಲ್ಲಿ ಆಡಿಸಿದಳು, ಅದು ಬೆರಳುಗಳ ಸಂದಿಯಿಂದ ಪೂರ್ತಿ ಇಳಿದು ಹೋಗುವವರೆಗೂ ನೋಡಿದಳು. ನಾವಿಬ್ಬರೂ ಕಾದೆವು. ಅವಸರ ಮಾಡುವ ಧೈರ್ಯ ಯಾರಿಗೂ ಆಗಲಿಲ್ಲ.

“ಮೂರು ದಿನ ಆಯ್ತು, ಮತ್ತೆ ಗೇಟು ಇಳಿಸ್ತಾರೆ,” ಎಂದಳು ಆಮೇಲೆ.

“ಹೌದಜ್ಜಿ,” ಎಂದರು ನಮ್ಮವರು. “ಇಳಿಸ್ತಾರೆ.”

“ತೆಂಕ್ಲಾಗೆ ಜೇಜು ದ್ವೀಪದ ಕಡೆ ಆಗ್ಲೇ ಸುರೂ ಆಗೈತಂತೆ ಮಳೆ.”

“ಹೌದು.”

“ಹಂಗಾರೆ ನಡಿ ಮತ್ತೆ. ನಿಂತ್ಕಂಡು ಏನ್ ಮಾಡ್ತೀಯಾ?”

ಆಚೆ ದಡ ಹತ್ತಲು ಮೆಟ್ಟಿಲಿರಲಿಲ್ಲ. ನಮ್ಮವರು ಮೊದಲು ಹತ್ತಿ ಗಳವನ್ನು ಕೆಳಗೆ ಚಾಚಿದರು, ನಾನು ಹಿಂದಿನಿಂದ ತಳ್ಳಿದೆ. ಅಜ್ಜಿ ಹುಲ್ಲು ಹಿಡಿದು ಮೇಲೆ ಬಂದಳು. ಗದ್ದೆಯ ಬದುವಿನಲ್ಲಿ ಒಬ್ಬ ಮುದುಕ ಯಂತ್ರದಿಂದ ಹುಲ್ಲು ಕತ್ತರಿಸುತ್ತಿದ್ದ. ನೆತ್ತಿಯ ಮೇಲೆ ಒದ್ದೆ ಟವೆಲು, ಅದರ ಮೇಲೆ ಹುಲ್ಲಿನ ಟೋಪಿ. ನಮ್ಮನ್ನು ಕಂಡು ಯಂತ್ರ ಆರಿಸಿದ. ಅಜ್ಜಿಯ ಒದ್ದೆ ಕಾಲುಗಳನ್ನು ನೋಡಿದ, ಕಾಲಿಗೆ ಅಂಟಿದ ಮರಳನ್ನು ನೋಡಿದ, ಅವಳ ಹಿಂದೆ ರಸ್ತೆ ಇಲ್ಲದ ಕಡೆ ನೋಡಿದ.

“ಅಕ್ಕಾ? ಬಸ್ಸು ಇಷ್ಟೊತ್ತಿಗೇ ಬಂತಾ?”

“ಬಸ್ಸಲ್ಲಿ ಬರ್ನಿಲ್ಲ ಕಣೋ. ನಡ್ಕಂಡು ಬಂದೆ.”

“ಎಲ್ಲಿಂದ?”

“ಮನೆಯಿಂದ.”

ಅವಳ ತಮ್ಮ ಯಂತ್ರವನ್ನು ಭುಜದಿಂದ ಇಳಿಸಿ ಬದುವಿನ ಮೇಲಿಟ್ಟ. ದಂಡೆಯ ಅಂಚಿಗೆ ಬಂದು ಕೆಳಗೆ ನೋಡಿದ. ಮರಳಿನ ಮೇಲೆ ಮೂವರ ಹೆಜ್ಜೆಗಳು ಆಚೆ ದಡದಿಂದ ಈಚೆಗೆ ನೇರವಾಗಿ ಬಂದಿದ್ದವು, ನೀರಿದ್ದ ಕಡೆ ಮಾತ್ರ ಅಳಿಸಿಹೋಗಿದ್ದವು. ಅವನು ಟೋಪಿ ತೆಗೆದ, ಟವೆಲಿನಿಂದ ಮುಖ ಒರೆಸಿದ. ಆಮೇಲೆ ತಾನೂ ಮರಳಿಗೆ ಇಳಿಯಲೆಂದು ಅಲ್ಲೇ ಹುಲ್ಲಿನ ಮೇಲೆ ಕೂತು, ರಬ್ಬರ್ ಬೂಟುಗಳನ್ನು ಒಂದೊಂದಾಗಿ ಎಳೆಯತೊಡಗಿದ. ಬಲಗಾಲಿನದು ಸಿಕ್ಕಿಕೊಂಡಿತು. ನಮ್ಮವರು ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಹಿಡಿದು ಎಳೆದುಕೊಟ್ಟರು.